ಹಾಳೂರ ದಿಬ್ಬದ ಕೊರಕಲಿಗೆ ಮದ್ದು: ಹಂತ ಹಂತವಾಗಿ

ಮಾಳಿಗೆ ಮನೆಯವರಿಗೆ ಮಿರಗ (ಮೃಗಶಿರಾ ಮಳೆ) ಹತ್ತಿರ ಬಂತೆಂದರೆ ಒಂದು ಕೆಲಸ ಕಾಯಂ. ಚಕ್ಕಡಿ ಹೂಡಿ ಹಾಳಮಣ್ಣು ತರಬೇಕು, ಮಾಳಿಗೆಯ ಮೇಲೆ ಹರಡಬೇಕು, ತುಳಿದು ಗಟ್ಟಿ ಮಾಡಬೇಕು, ನೀರು ಹರನಾಳಿಗೆಯತ್ತ ಹರಿಯುವಂತೆ ಇಳಿಜಾರು ಕೊಡಬೇಕು. ವಿಜಯಪುರದ ಸುತ್ತ, ತಿಕೋಟಾ ಇರಲಿ ಬಬಲೇಶ್ವರ ಇರಲಿ, ಹಿರಿಯರಲ್ಲಿ ಈ ಕೆಲಸ ಮಾಡದವರು ಕಡಿಮೆ. ಆದರೆ ಆ ಮಣ್ಣು ಬಂದದ್ದು ಎಲ್ಲಿಂದ ಎಂದು ಕೇಳಿದರೆ ಊರ ಹೊರಗಿನ ಒಂದು ದಿಬ್ಬದ ಕಡೆ ಕೈ ತೋರಿಸುತ್ತಾರೆ. ಹಾಳಮಣ್ಣು ಅಂದರೆ ಹಾಳಾದ ಊರಿನ ಮಣ್ಣು. ಬಿದ್ದ ಗೋಡೆ, ಒಲೆಯ ಬೂದಿ, ದನದ ಸಗಣಿ, ಒಡೆದ ಗಡಿಗೆಯ ಬೋಕಿ ಎಲ್ಲ ಪದರು ಪದರಾಗಿ ಕೂತು ನೂರಾರು, ಕೆಲವೆಡೆ ಸಾವಿರಾರು ವರ್ಷ ಕಳೆದ ಮೇಲೆ ಆದದ್ದು ಆ ದಿಬ್ಬ. ಬೂದಿ, ಸಗಣಿ ಬೆರೆತ ಮಣ್ಣೆಂದು ಹೊಲಕ್ಕೂ ಅದನ್ನೇ ಹೇರಿದರು. ಅರ್ಧ ದಿಬ್ಬ ಹಾಗೆ ಹೋಯಿತು. ಉಳಿದರ್ಧವನ್ನು ಈಗ ಮಳೆ ಒಯ್ಯುತ್ತಿದೆ.

ಆ ಉಳಿದರ್ಧವನ್ನು ಕಾಯುವುದು ಹೇಗೆ ಎಂದು ಮೊದಲ ಸಲ ಕೇಳುವವರಿಗಾಗಿ ಈ ಬರಹ. ದಿಬ್ಬವನ್ನು ಹಿಂದಿನ ಎತ್ತರಕ್ಕೆ ಕಟ್ಟುವುದು, ಚಂದಗಾಣಿಸುವುದು ಇಲ್ಲಿನ ಉದ್ದೇಶವಲ್ಲ. ಹರಿಯುವ ನೀರಿಗೆ ತಡೆ ಹಾಕುವುದು, ತೆರೆದ ಗಾಯಕ್ಕೆ ಹೊದಿಕೆ ಕೊಡುವುದು, ಹಳೆಯದರ ಒಂದು ಹಿಡಿಯನ್ನೂ ಕದಲಿಸದೆ ಹಿಂದೆ ಸರಿಯುವುದು, ಇಷ್ಟೇ.

ಯಾಕಿಷ್ಟು ನಾಜೂಕು ಎನ್ನುವುದಕ್ಕೆ ಒಂದು ಉದಾಹರಣೆ. ಬಳ್ಳಾರಿಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳ, ಹಂಪಿ ಹತ್ತಿರದ ನಿಂಬಾಪುರ ಮೊದಲಾದ ಕಡೆ ಬೂದಿದಿಬ್ಬಗಳಿವೆ. ನಿಂಬಾಪುರದ್ದು ವಾಲಿಯ ಚಿತೆಯ ಬೂದಿ ಎಂದು ಜನ ನಂಬಿದ್ದಾರೆ. ತೆಲಂಗಾಣದ ಉಟ್ನೂರಿನ ಇಂಥದೇ ದಿಬ್ಬವನ್ನು 1957ರಲ್ಲಿ ಅಗೆದ ಎಫ್.ಆರ್. ಆಲ್ಚಿನ್ ಅವರಿಗೆ ಪದರುಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕಿತು. ನವಶಿಲಾಯುಗದ ದನಗಾಹಿಗಳ ದೊಡ್ಡಿಯ ಸಗಣಿ ಸುಟ್ಟು ಸುಟ್ಟು ದಿಬ್ಬವಾಯಿತು ಎಂಬುದಕ್ಕೆ ಅದು ಸಾಕ್ಷಿಯಾಯಿತು. ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ನಡೆಸಿದ ಉತ್ಖನನ ಬೂದಿಯ ಪಕ್ಕದ ವಸತಿಯನ್ನೂ ದನ ಕಡಿದ ನೆಲವನ್ನೂ ತೋರಿಸಿತು. ನಾಲ್ಕು ಸಾವಿರ ವರ್ಷ ಉಳಿದ ಗೊರಸಿನ ಗುರುತನ್ನು ಅಳಿಸಲು ಒಂದು ಕೊಡ ನೀರು ಸಾಕು, ನಮ್ಮ ಒಂದು ಸಲಿಕೆ ಏಟೂ ಸಾಕು.

ಹಂತ 1: ದಿಬ್ಬ ಯಾರದು, ಕೇಳಿ

ಸಲಿಕೆ ಹಿಡಿಯುವ ಮುಂಚೆ ಕಾಗದ ಹಿಡಿಯಿರಿ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ರಕ್ಷಿತವಾದ ತಾಣಕ್ಕೆ, 2010ರ ತಿದ್ದುಪಡಿಯಂತೆ, ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ರಾಜ್ಯ ರಕ್ಷಿಸಿದ ತಾಣಗಳಿಗೆ ಕರ್ನಾಟಕದ 1961ರ ಕಾಯ್ದೆ ಇದೆ. ಇಂಥ ತಾಣದಲ್ಲಿ ಅನುಮತಿಯಿಲ್ಲದೆ, ಒಳ್ಳೆಯ ಮನಸ್ಸಿನಿಂದ ಹಾಕಿದ ಒಂದು ಬುಟ್ಟಿ ಮಣ್ಣೂ ಅಪರಾಧ. ಕೇಂದ್ರದ್ದಾದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಧಾರವಾಡ ವೃತ್ತಕ್ಕೆ, ರಾಜ್ಯದ್ದಾದರೆ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆಯಿರಿ.

ನಮ್ಮ ಹಾಳೂರ ದಿಬ್ಬಗಳಲ್ಲಿ ಎಷ್ಟೋ ಯಾವ ಪಟ್ಟಿಯಲ್ಲೂ ಇಲ್ಲ. ಯಾರದೋ ಹೊಲದ ಮೂಲೆಯಲ್ಲೋ ಗಾಂವಠಾಣದಲ್ಲೋ ಇರುತ್ತವೆ. ಅಲ್ಲಿಯೂ ಹೊಲದವರ ಒಪ್ಪಿಗೆ, ಗ್ರಾಮ ಪಂಚಾಯಿತಿಯ ತಿಳಿವಳಿಕೆ, ಇಲಾಖೆಗೆ ಒಂದು ಪತ್ರ ಬೇಕು. ಇಲಾಖೆಯವರು ಬಂದು ನೋಡುವ ತನಕ 2ರಿಂದ 4ನೇ ಹಂತದವರೆಗಿನ ಕೆಲಸ ಮಾತ್ರ ಮಾಡಿ. ಆ ಹಂತಗಳಲ್ಲಿ ದಿಬ್ಬಕ್ಕೆ ಮಣ್ಣು ಸೇರಿಸುವುದಿಲ್ಲ, ಅದರಿಂದ ಮಣ್ಣು ತೆಗೆಯುವುದಿಲ್ಲ.

ನಾಣ್ಯವೋ ಆಭರಣವೋ ಕಣ್ಣಿಗೆ ಬಿದ್ದರೆ ಇದ್ದಲ್ಲೇ ಬಿಟ್ಟು ಫೋಟೊ ತೆಗೆದು ತಿಳಿಸಿ. ಇದಕ್ಕೆ ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ. ಬೆಲೆಬಾಳುವ ಹೂತ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಹೇಳಲೇಬೇಕು.

ಹಂತ 2: ಮಳೆಯಲ್ಲಿ ನೋಡಿ

ಬಿಸಿಲಲ್ಲಿ ನೋಡಿದರೆ ಕೊರಕಲು ಕಾಣುತ್ತದೆ, ಕಾರಣ ಕಾಣುವುದಿಲ್ಲ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅದರಲ್ಲೂ ಉತ್ತರಿ, ಹಸ್ತ ಮಳೆಗಳು ಬಂದರೆ ಒಂದೇ ರಾತ್ರಿಯಲ್ಲಿ ಹೊಲದ ಒಡ್ಡು ಒಡೆಯುತ್ತವೆ. ದಿಬ್ಬಕ್ಕೆ ಪೆಟ್ಟು ಬೀಳುವುದೂ ಆಗಲೇ. ಮಳೆ ಜೋರಾದಾಗ ದೂರದಿಂದ, ಮಳೆ ನಿಂತ ಕೂಡಲೇ ಹತ್ತಿರದಿಂದ ನೋಡಿ. ಗುಡುಗು ಸಿಡಿಲು ಇದ್ದರೆ ಹತ್ತಲೇಬೇಡಿ. ಈ ಬಯಲುಸೀಮೆಯಲ್ಲಿ ಸುತ್ತಲಿನ ಎತ್ತರದ ಜಾಗ ಅದೊಂದೇ ಆಗಿರುತ್ತದೆ.

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನೀರು ನೆತ್ತಿಯ ಯಾವ ಜಾಗದಲ್ಲಿ ಕೂಡುತ್ತದೆ? ಎಲ್ಲಿಂದ ಕೆಳಗೆ ಧುಮುಕುತ್ತದೆ? ಅರ್ಧದಾರಿಯಲ್ಲಿ ಮಾಯವಾಗುತ್ತದೆಯೇ? ಬುಡದಲ್ಲಿ ನಿಲ್ಲುತ್ತದೆಯೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಎಚ್ಚರ. ನೀರು ಒಳಗೊಳಗೇ ಸುರಂಗ ಕೊರೆಯುತ್ತಿದೆ ಎಂದರ್ಥ. ನಮ್ಮ ಕಡೆಯ ಹಳೆಯ ದಿಬ್ಬಗಳಲ್ಲಿ ಇದಕ್ಕೊಂದು ವಿಶೇಷ ಕಾರಣವುಂಟು, ಹಗೇವು. ಕಾಳು ತುಂಬಿಡುತ್ತಿದ್ದ ಆ ನೆಲಗುಳಿಯ ಬಾಯಿ ಕುಸಿದರೆ ನೀರೆಲ್ಲ ಅದರೊಳಗೆ ಇಳಿದು ಪಕ್ಕದಲ್ಲಿ ಒಡೆದುಕೊಂಡು ಹೊರಬರುತ್ತದೆ. ಹಗೇವಿಗೆ ಇಳಿಯಬೇಡಿ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಹಲಗೆ ಮುಚ್ಚಿ, ಸುತ್ತ ಮುಳ್ಳು ಇಟ್ಟು, ಬಲ್ಲವರನ್ನು ಕರೆಯಿರಿ.

ಬುಡದ ಸಂಗತಿ ಈಚೆಗೆ ಮುಖ್ಯವಾಗಿದೆ. ತಿಕೋಟಾ ಸುತ್ತ ದ್ರಾಕ್ಷಿ ಪಡದ ಹನಿ ನೀರು, ಬಬಲೇಶ್ವರದ ಕಡೆ ಏತ ನೀರಾವರಿಯ ನೀರು ಬಂದಿದೆ. ಒಣ ಸೀಮೆಗೆ ನೀರು ಬಂದದ್ದು ದೊಡ್ಡ ಭಾಗ್ಯ. ಆದರೆ ದಿಬ್ಬದ ಬುಡಕ್ಕೆ ಸದಾ ತೇವ ಹತ್ತಿದರೆ ಉಪ್ಪು ಮೇಲೇರಿ, ಒಣಗುವಾಗ ಹರಳುಗಟ್ಟಿ, ಮಣ್ಣನ್ನು ಹಿಟ್ಟಿನಂತೆ ಉದುರಿಸುತ್ತದೆ. ಬುಡ ಒಳಗೆ ತಿಂದುಹೋಗಿ ಮೇಲಿನ ಭಾಗ ತೂಗಿ ನಿಲ್ಲುತ್ತದೆ, ಒಂದು ದಿನ ಹೋಳಾಗಿ ಬೀಳುತ್ತದೆ. ಸಿಂಧ್‌ನ ಮೊಹೆಂಜೊದಾರೊದ ಇಟ್ಟಿಗೆ ಗೋಡೆಗಳನ್ನು ತಿಂದದ್ದೂ ಇದೇ ಉಪ್ಪು. ಅಲ್ಲಿ ಮಣ್ಣಿನ ಲೇಪ ಬಳಿದು ಬಳಿದು ಗೋಡೆ ಕಾಯುತ್ತಿದ್ದಾರೆ.

ಹಂತ 3: ದಾಖಲೆ

ನೋಟ್‌ಬುಕ್, ಮೊಬೈಲ್, ಒಂದು ಮೀಟರ್ ಕೋಲು, ಅಳತೆ ಟೇಪು ಸಾಕು. ಕೋಲಿಗೆ 10 ಸೆಂ.ಮೀ.ಗೊಂದರಂತೆ ಕೆಂಪು, ಬಿಳಿ ಬಣ್ಣ ಬಳಿಯಿರಿ. ದಿಬ್ಬದ ಹೊರಗೆ ನಾಲ್ಕು ದಿಕ್ಕಿಗೆ ಒಂದೊಂದು ಕಲ್ಲು ನೆಟ್ಟು, ಪ್ರತಿ ಸಲ ಅಲ್ಲೇ ನಿಂತು ಫೋಟೊ ತೆಗೆಯಿರಿ. ಪ್ರತಿ ಕೊರಕಲಿನ ಉದ್ದ, ಅಗಲ, ಆಳ ಬರೆಯಿರಿ. ಕೊರಕಲಿನ ಗೋಡೆಯಲ್ಲಿ ಕಾಣುವ ಬೂದಿಯ ಬಿಳಿ ಗೆರೆ, ಸುಟ್ಟ ಮಣ್ಣಿನ ಕೆಂಪು, ಬೋಕಿ, ಎಲುಬು ಎಲ್ಲದರ ಹತ್ತಿರದ ಚಿತ್ರ ಇರಲಿ. ನಾಳೆ ನೀವು ಅದನ್ನು ಮುಚ್ಚುತ್ತೀರಿ, ಆಮೇಲೆ ನೋಡುವವರಿಗೆ ಈ ಚಿತ್ರವೇ ಆಧಾರ.

ಹಂತ 4: ಮೊದಲು ಮನುಷ್ಯರ ಸವಕಳಿ ನಿಲ್ಲಿಸಿ

ಹಾಳಮಣ್ಣು ಒಯ್ಯುವುದು ನಿಲ್ಲದೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ. ಟ್ರ್ಯಾಕ್ಟರು, ಜೆಸಿಬಿ ಬಂದ ಮೇಲೆ ನೂರು ಚಕ್ಕಡಿಯ ಕೆಲಸ ಒಂದು ಮಧ್ಯಾಹ್ನದ್ದಾಗಿದೆ. ಊರ ಹಿರಿಯರ ಜೊತೆ ಕೂತು ಮಾತಾಡಿ. ಮಾಳಿಗೆಗೆ ಮಣ್ಣು ಬೇಕಾದವರಿಗೆ ಬೇರೆ ಜಾಗ ತೋರಿಸಿ, ಕೆರೆಯ ಹೂಳು, ಗರಸು ಬೆರೆಸಿದ ಮಣ್ಣು ಏನಾದರೂ. ಬರೀ ಬೇಡ ಎಂದರೆ ಯಾರೂ ಕೇಳುವುದಿಲ್ಲ, ಸೋರುವ ಮಾಳಿಗೆ ಅವರದು.

ಕಾಲುದಾರಿ ಎರಡನೆಯದು. ಆಡು ಕುರಿ ಹತ್ತಿಳಿಯುವ ಜಾಡೇ ಮುಂದೆ ಕೊರಕಲಾಗುತ್ತದೆ. ಆ ಜಾಡಿಗೆ ಅಡ್ಡ ಒಣಗಿದ ಜಾಲಿಮುಳ್ಳು ಹಾಸಿ. ಬಳ್ಳಾರಿ ಜಾಲಿಯಾದರೆ ಕಾಯಿ ಇಲ್ಲದ ಕೊಂಬೆ ಆರಿಸಿ, ಇಲ್ಲದಿದ್ದರೆ ದಿಬ್ಬದ ತುಂಬ ಜಾಲಿಯನ್ನು ನೀವೇ ಬಿತ್ತಿದಂತಾಗುತ್ತದೆ. ನೆತ್ತಿಯ ಮೇಲೆ ದೇವರ ಕಟ್ಟೆ ಇದ್ದರೆ ಭಕ್ತರನ್ನು ತಡೆಯಬೇಡಿ, ಇಳಿಜಾರು ಕಡಿಮೆ ಇರುವ ಕಡೆ ಒಂದೇ ದಾರಿ ಗೊತ್ತುಮಾಡಿ.

ಈಗಾಗಲೇ ಬೆಳೆದ ಜಾಲಿ, ಬೇವು, ಅರಳಿ ಸಸಿಗಳನ್ನು ಕಿತ್ತೆಳೆಯಬೇಡಿ. ಬೇರಿನೊಂದಿಗೆ ಪದರುಗಳೂ ಕಿತ್ತುಬರುತ್ತವೆ. ಅನುಮತಿ ಬಂದ ಮೇಲೆ ನೆಲಮಟ್ಟಕ್ಕೆ ಕೊಯ್ದು, ಚಿಗುರಿದಾಗಲೆಲ್ಲ ಮತ್ತೆ ಕೊಯ್ಯಿರಿ.

ಹಂತ 5: ಮನೆಯಂಗಳದಲ್ಲಿ ಪಾಠ

ಈ ಹಂತವನ್ನು ಯಾವ ಇಂಜಿನಿಯರೂ ಹೇಳಲಿಕ್ಕಿಲ್ಲ, ಆದರೆ ನನ್ನ ಮಟ್ಟಿಗೆ ಇದೇ ದೊಡ್ಡದು. ವಿಜಯಪುರದ ಜಲನಗರದ ನಮ್ಮ ಅಂಗಳದಲ್ಲಿ ಮೊಣಕಾಲೆತ್ತರದ ಮಣ್ಣಿನ ಗುಡ್ಡೆ ಮಾಡಿ, ಗಿಡಕ್ಕೆ ನೀರು ಹಾಕುವ ಝಾರಿಯಿಂದ ಮಳೆ ಸುರಿಸಿ, ಬೆರಳಗಲದ ಕೊರಕಲು ಬಿದ್ದದ್ದನ್ನು ಮುಚ್ಚಲು ಹೋದೆ. ಮೊದಲ ಸಲ ಎರಿಮಣ್ಣು ಮೆತ್ತಿದೆ. ಒಣಗಿದಾಗ ಅದು ಸುತ್ತಲಿನಿಂದ ಬಿಟ್ಟು ಬಿರುಕಾಯಿತು. ಮುಂದಿನ ಝಾರಿ ನೀರು ಆ ಬಿರುಕಿನಲ್ಲೇ ಇಳಿದು ತೇಪೆಯನ್ನು ಇಡಿಯಾಗಿ ಎತ್ತಿ ಒಗೆಯಿತು. ಎರಡನೆಯ ಸಲ ಸಿಮೆಂಟ್ ಮೆತ್ತಿದೆ. ಸಿಮೆಂಟ್ ಉಳಿಯಿತು, ಅದರ ಎರಡೂ ಬದಿಯ ಮಣ್ಣು ಹೋಯಿತು. ಗಟ್ಟಿ ವಸ್ತುವಿನಿಂದ ಜಾರಿದ ನೀರು ಪಕ್ಕದ ಮೆತ್ತನೆಯದನ್ನು ಕೊರೆಯುತ್ತದೆ, ಒಳಗಿನ ತೇವವೂ ಹೊರಬರಲಾರದೆ ಹಿಂದೆ ನಿಲ್ಲುತ್ತದೆ. ನಿಜವಾದ ದಿಬ್ಬದ ಮೇಲೆ ಈ ತಪ್ಪು ಮಾಡಿದರೆ ತಿದ್ದಲು ಎರಡನೆಯ ದಿಬ್ಬ ಸಿಗುವುದಿಲ್ಲ. ಅಂಗಳದಲ್ಲಿ ಎರಡು ವಾರ ಕಲಿಯಿರಿ.

ಹಂತ 6: ಮಣ್ಣು ಆರಿಸುವುದು

ತುಂಬುವ ಮಣ್ಣು ದಿಬ್ಬದ್ದಾಗಿರಕೂಡದು, ಹಳೆಯ ಬೋಕಿ, ಬೂದಿ ಇರುವ ಯಾವ ಜಾಗದ್ದೂ ಆಗಿರಕೂಡದು. ಜಾರಿ ಬುಡದಲ್ಲಿ ಬಿದ್ದಿರುವ ಮಣ್ಣನ್ನೂ ಮುಟ್ಟಬೇಡಿ, ಅದರಲ್ಲೂ ಪುರಾವೆ ಇದೆ. ಹೊರಗಿನಿಂದ ತಂದ ಮಸಾರಿ ಮಣ್ಣಿಗೆ ಸ್ವಲ್ಪ ಗರಸು, ಸ್ವಲ್ಪ ಜಿಗುಟು ಮಣ್ಣು ಬೆರೆಸಿದ್ದು ನಮ್ಮ ಸೀಮೆಗೆ ಒಪ್ಪುತ್ತದೆ. ಬಣ್ಣ ದಿಬ್ಬಕ್ಕೆ ಹತ್ತಿರವಿರಲಿ, ಆದರೆ ಪೂರ್ತಿ ಒಂದೇ ಆಗದಿರಲಿ, ಹೊಸದು ಯಾವುದು ಎಂದು ಗೊತ್ತಾಗಬೇಕು.

ಪರೀಕ್ಷೆ ಮೂರು. ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ಮೆದು ಮಣ್ಣು, ತುದಿಗೆ ಜಿಗುಟು ಮಣ್ಣು ಪದರಾಗುತ್ತವೆ. ಜಿಗುಟು ಕಾಲು ಭಾಗ ದಾಟಿದರೆ ಒಣಗಿ ಬಿರಿಯುತ್ತದೆ, ಹತ್ತನೇ ಒಂದಕ್ಕಿಂತ ಕಡಿಮೆಯಾದರೆ ಅಂಟುವುದಿಲ್ಲ. ಎರಡನೆಯದು, ಒಣ ಹೆಂಟೆಯೊಂದನ್ನು ನಿಶ್ಚಲ ನೀರಿನ ಲೋಟಕ್ಕೆ ಮೆಲ್ಲಗೆ ಬಿಡಿ, ಕಲಕಬೇಡಿ. ಸುತ್ತ ಹಾಲಿನಂಥ ಮಬ್ಬು ಹರಡಿದರೆ ಅದು ಸವಳು ಮಣ್ಣು. ಡೋಣಿ ನದಿಯ ದಂಡೆಗೆ ಇಂಥ ಮಣ್ಣು ಬಹಳ. ಅದು ಮಳೆಯಲ್ಲಿ ತಾನೇ ಕರಗುತ್ತದೆ, ಬೇಡ. ಮೂರನೆಯದು ಹದ. ನೀರು ಚಿಮುಕಿಸಿದ ಮಣ್ಣನ್ನು ಉಂಡೆ ಮಾಡಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕಾರು ಹೋಳಾದರೆ ಹದ ಸರಿ, ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಅಂಟಿ ಕೂತರೆ ಹೆಚ್ಚು.

ಹಂತ 7: ನೆತ್ತಿಯ ನೀರು ತಿರುಗಿಸುವುದು

ಕೊರಕಲು ತುಂಬುವ ಮುಂಚೆ ಅದಕ್ಕೆ ಬರುವ ನೀರನ್ನು ತಿರುಗಿಸಬೇಕು. ಇಲ್ಲಿ ಮಾಳಿಗೆಯ ಬುದ್ಧಿ ಅರ್ಧ ಮಾತ್ರ ಉಪಯೋಗ. ಮಾಳಿಗೆಯಲ್ಲಿ ನೀರೆಲ್ಲ ಒಂದು ಹರನಾಳಿಗೆಗೆ ಕೂಡಬೇಕು. ದಿಬ್ಬದಲ್ಲಿ ತದ್ವಿರುದ್ಧ, ಹಂಚಿಹೋಗಬೇಕು. ಕೊರಕಲಿನ ತಲೆಯಿಂದ ಎರಡು ಮಾರು ಹಿಂದೆ, ಹೊರಗಿನಿಂದ ತಂದ ಮಣ್ಣಿನಲ್ಲಿ ಪಾದ ಮುಳುಗುವಷ್ಟೆತ್ತರದ ಒಡ್ಡನ್ನು ಬಿಲ್ಲಿನಾಕಾರದಲ್ಲಿ ಹಾಕಿ. ನೀರು ಅದರ ಎರಡು ತುದಿಯಿಂದ, ಹುಲ್ಲಿರುವ ಇಳಿಜಾರಿಗೆ ತೆಳ್ಳಗೆ ಹರಡಿ ಇಳಿಯಬೇಕು. ಒಡ್ಡಿನ ಕೆಳಗೆ ನೀರು ಬಿಟ್ಟು ಮಣ್ಣು ತಡೆಯುವ, ನೇಯದ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ಒಡ್ಡಿಗಾಗಿ ದಿಬ್ಬದಲ್ಲಿ ಕಾಲುವೆ ತೋಡಬೇಡಿ. ಹೊಲದ ಸಮಪಾತಳಿ ಒಡ್ಡುಗಳಲ್ಲಿ ಪಳಗಿದ ವಿಜಯಪುರದ ರೈತರಿಗೆ ನೀರಿನ ಮಟ್ಟ ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಅವರನ್ನೇ ಕರೆಯಿರಿ.

ಒಳಕ್ಕೆ ಕೊಳವೆ ಹಾಕಿ ನೀರು ಬಸಿಯುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಅಮೆರಿಕದ ಸೇಂಟ್ ಲೂಯಿಸ್ ಹತ್ತಿರದ ಕಹೋಕಿಯಾದಲ್ಲಿ ಸುಮಾರು 30 ಮೀಟರ್ ಎತ್ತರದ ಮಂಕ್ಸ್ ಮೌಂಡ್ ಜಾರತೊಡಗಿದಾಗ, ನೀರು ಬಸಿಯಲು 1998ರಲ್ಲಿ ಅಡ್ಡಲಾಗಿ ಕೊರೆದರು. ಕೊರೆಯುವ ಯಂತ್ರ ದಿಬ್ಬದ ಒಡಲಲ್ಲಿ ಯಾರೂ ಊಹಿಸದ ಕಲ್ಲಿನ ರಚನೆಗೆ ತಾಗಿತು. ಬಲ್ಲವರ ಉಸ್ತುವಾರಿಯಲ್ಲೇ ಹಾಗಾಯಿತು.

ಹಂತ 8: ಕೊರಕಲು ತುಂಬುವುದು

ಕಾಲ ಏಪ್ರಿಲ್ ಕೊನೆಯಿಂದ ಮೇ ತಿಂಗಳು. ನೆಲ ಒಣಗಿರುತ್ತದೆ, ಮಿರಗದ ಹೊತ್ತಿಗೆ ಹುಲ್ಲು ನೆಡಲು ಸಿದ್ಧವಾಗುತ್ತದೆ. ಅಶ್ವಿನಿ, ಭರಣಿಯ ಅಡ್ಡಮಳೆ ಬರಬಹುದು, ಮುಚ್ಚಲು ತಾಡಪತ್ರಿ ಕೈಯಲ್ಲೇ ಇರಲಿ.

ಕೊರಕಲಿನ ಬದಿಗಳನ್ನು ಕೆತ್ತಿ ನೇರ ಮಾಡಬೇಡಿ. ರಸ್ತೆ, ಕಾಲುವೆ ಕೆಲಸ ಮಾಡಿದ ಮೇಸ್ತ್ರಿಗಳು ಮೆಟ್ಟಿಲು ಕಡಿಯಲು ಮುಂದಾಗುತ್ತಾರೆ, ಅಲ್ಲೇ ನಿಂತು ತಡೆಯಿರಿ. ಇದ್ದ ಆಕಾರದ ಮೇಲೆಯೇ ಜಿಯೊಟೆಕ್ಸ್‌ಟೈಲ್ ಬಟ್ಟೆಯನ್ನು ಸಡಿಲವಾಗಿ ಹಾಸಿ. ಅದು ನೀರನ್ನು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ಹಳೆಯದು, ಹೊಸದು ಬೇರೆ ಎಂದು ಮುಂದಿನವರಿಗೆ ಹೇಳುವ ಗೆರೆಯೂ ಅದೇ. ಗೋಣಿತಟ್ಟು ಇಲ್ಲಿಗೆ ಆಗದು, ಒಂದೆರಡು ವರ್ಷದಲ್ಲಿ ಕೊಳೆಯುತ್ತದೆ. ಬಟ್ಟೆಯ ಮೇಲೆ ವರ್ಷ ಕೆತ್ತಿದ ಒಂದು ಸುಟ್ಟ ಹೆಂಚಿನ ತುಂಡನ್ನೋ ಈ ವರ್ಷದ ನಾಣ್ಯವನ್ನೋ ಇಡಿ. ನೂರು ವರ್ಷದ ಮೇಲೆ ಅಗೆದವರಿಗೆ ಯಾವಾಗ ತುಂಬಿದ್ದೆಂದು ತಿಳಿಯಬೇಕು.

ಮೊಣಕಾಲಿಗಿಂತ ಆಳವಾದ ಕೊರಕಲಿಗೆ ಬುಡದಿಂದ ಮಣ್ಣು ತುಂಬಿದ ಚೀಲಗಳನ್ನು ಇಟ್ಟಿಗೆ ಜೋಡಿಸಿದಂತೆ, ಸಂದಿಯ ಮೇಲೆ ಚೀಲ ಬರುವ ಹಾಗೆ, ಪ್ರತಿ ಸಾಲು ಸ್ವಲ್ಪ ಹಿಂದೆ ಸರಿಸಿ ಇಡಿ. ಆಳವಿಲ್ಲದ್ದಕ್ಕೆ ಬರೀ ಮಣ್ಣು ಸಾಕು. ನಾಲ್ಕು ಬೆರಳು ದಪ್ಪ ಹಾಕುವುದು, ಕೈ ದಮ್ಮಸಿನಿಂದ ಹದವಾಗಿ ಬಡಿಯುವುದು, ಮೇಲ್ಮೈಯನ್ನು ಗೀರಿ ಮುಂದಿನ ಪದರು ಹಾಕುವುದು. ನಡುಗಿಸುವ ಯಂತ್ರ ಬೇಡ. ಅದರ ಅದುರು ಒಳಗಿನ ಟೊಳ್ಳುಗಳನ್ನು ಕುಸಿಸುತ್ತದೆ. ಕೊನೆಯ ಪದರು ಸುತ್ತಲಿಗಿಂತ ಎರಡು ಬೆರಳು ಎತ್ತರ ಇರಲಿ, ಮಳೆಗಾಲದಲ್ಲಿ ಕೂರುತ್ತದೆ.

ತಿಂದುಹೋದ ಬುಡಕ್ಕೂ ಇದೇ ರೀತಿ, ಬಟ್ಟೆ ಹಾಸಿ ಚೀಲ ಒತ್ತಾಗಿ ಜೋಡಿಸಿ ಆಸರೆ ಕೊಡಿ. ಆದರೆ ತೂಗಿ ನಿಂತ ಮಣ್ಣಿನ ಕೆಳಗೆ ಕೂತು ಕೆಲಸ ಮಾಡಬೇಡಿ, ಬದಿಯಿಂದ ತಳ್ಳಿ. ಆಳೆತ್ತರ ದಾಟಿದ ಕುಸಿತ ಹವ್ಯಾಸಿಗಳ ಕೆಲಸವಲ್ಲ. ವಿಜಯಪುರದ ಕೋಟೆಗೋಡೆಯ ಮಾತೂ ಅಷ್ಟೇ. 1565ರ ಹೊತ್ತಿಗೆ ಒಂದನೆಯ ಅಲಿ ಆದಿಲ್‌ಶಾಹ ಮುಗಿಸಿದ ಆ ಗೋಡೆ ಎರಡು ಕಲ್ಲಿನ ಮುಖಗಳ ನಡುವೆ ಬಡಿದು ತುಂಬಿದ ಮಣ್ಣು. ಕಲ್ಲು ಕಳಚಿದಲ್ಲಿ ಮಣ್ಣು ಹೊರಬಂದದ್ದು ಕಂಡರೆ ಸರ್ವೇಕ್ಷಣೆಗೆ ತಿಳಿಸಿ, ಕೈ ಹಾಕಬೇಡಿ.

ಹಂತ 9: ಹೊದಿಕೆ, ಹುಲ್ಲು

ಬರಿಮಣ್ಣು ಮೊದಲ ಮಳೆಗೇ ಹೋಗುತ್ತದೆ. ಅದರ ಮೇಲೆ ಅಗಲ ಕಣ್ಣಿನ ಸೆಣಬಿನ ಬಲೆ ಹಾಸಿ, ಗೇಣುದ್ದಕ್ಕಿಂತ ಚಿಕ್ಕ ಬಿದಿರು ಗೂಟಗಳಿಂದ ಹಿಡಿಸಿ. ಗೂಟ ಹೊಸ ಮಣ್ಣಿನಲ್ಲಷ್ಟೇ ಇಳಿಯಬೇಕು, ಬಟ್ಟೆಯನ್ನು ಚುಚ್ಚಬಾರದು. ಬಲೆ ಸಿಗದಿದ್ದರೆ ತೊಗರಿ ಕಟ್ಟಿಗೆಯನ್ನು ಇಳಿಜಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ಮಲಗಿಸಿ. ಜೋಳದ ಕಣಿಕೆ ಹಾಕಿದರೆ ಊರ ದನವೆಲ್ಲ ದಿಬ್ಬ ಹತ್ತುತ್ತವೆ.

ಮಿರಗದ ಮೊದಲ ಹದಮಳೆಗೆ ಕರಕಿಯ ಬಳ್ಳಿತುಂಡುಗಳನ್ನು ಗೇಣಿಗೊಂದರಂತೆ ಊರಿ. ಹೊಲದಲ್ಲಿ ಕರಕಿ ಎಂದರೆ ರೈತರಿಗೆ ಸಿಟ್ಟು, ನಿಜ. ಬದುವಿನ ಕಡೆ ಎರಡು ಮಾರು ಬಿಟ್ಟು ನೆಡಿ. ದಿಬ್ಬಕ್ಕೆ ಮಾತ್ರ ಅದರಂಥ ಕಾವಲು ಇನ್ನೊಂದಿಲ್ಲ. ನೆಲಕ್ಕೆ ಹತ್ತಿಕೊಂಡು ಹಬ್ಬಿ ಮಣ್ಣನ್ನು ಹೆಣೆಯುತ್ತದೆ. ಲಾವಂಚ ನೆಡುವ ಆಸೆ ಹಲವರಿಗೆ ಬರುತ್ತದೆ. ಅದರ ಬೇರು ಮೂರು ಮೀಟರಿಗೂ ಆಳ ಹೋಗುತ್ತದೆ. ಹೊಲದ ಒಡ್ಡಿಗೆ ಅದು ವರ, ದಿಬ್ಬದ ಪದರುಗಳಿಗೆ ಸೂಜಿ. ದಿಬ್ಬದಿಂದ ದೂರ, ನೀರು ಹೊರಹೋಗುವ ಕಾಲುವೆಯ ದಂಡೆಗೆ ನೆಡಿ.

ಹಂತ 10: ಮತ್ತೆ ಮತ್ತೆ ಹೋಗಿ

ಪ್ರತಿ ದೊಡ್ಡ ಮಳೆಯ ಮರುದಿನ ಅದೇ ನಾಲ್ಕು ಕಲ್ಲಿನ ಬಳಿ ನಿಂತು ಫೋಟೊ ತೆಗೆಯಿರಿ. ತುಂಬಿದ ಜಾಗದ ಅಂಚಿನಲ್ಲಿ ಬಿರುಕು ಕಂಡರೆ ಅದೇ ಹದದ ಮಣ್ಣು ತುರುಕಿ ಬಡಿಯಿರಿ, ಅದು ಹತ್ತು ನಿಮಿಷದ ಕೆಲಸ. ಒಡ್ಡಿನ ತುದಿಯಲ್ಲಿ ಹೊಸ ಗೆರೆ ಬೀಳುತ್ತಿದ್ದರೆ ಒಡ್ಡನ್ನು ಇನ್ನೊಂದು ಮಾರು ಉದ್ದ ಮಾಡಿ. ದೀಪಾವಳಿ ಹೊತ್ತಿಗೆ ಕರಕಿ ಎಷ್ಟು ಹಬ್ಬಿದೆ, ಎಲ್ಲಿ ಬರಿದಾಗಿದೆ ಎಂದು ಬರೆದಿಡಿ. ಇಲಾಖೆಗೂ ಅದರ ಪ್ರತಿ ಕಳಿಸಿ. ಮೊದಲ ಮಳೆಗಾಲ ಕಳೆದು ತೇಪೆ ನಿಂತರೆ ಅರ್ಧ ಗೆದ್ದಂತೆ. ಮೂರು ಮಳೆಗಾಲ ನಿಂತರೆ ಆ ಜಾಗ ಬಿಟ್ಟು ಮುಂದಿನ ಕೊರಕಲಿಗೆ ಹೋಗಬಹುದು.

ಈ ವರ್ಷ ಮಾಳಿಗೆಗೆ ಮಣ್ಣು ತರಲು ಚಕ್ಕಡಿ ಹೂಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಹಾಳೂರ ದಿಬ್ಬದ ದಾರಿ ಬಿಟ್ಟು ಕೆರೆಯ ದಾರಿ ಹಿಡಿಯಿರಿ.